ನಗರದ ಪಾರ್ಕು, ಮರ ಮತ್ತು ಹವಾಮಾನ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಕಿಗೂ ಹವಾಮಾನ ಬದಲಾವಣೆಗೂ ಏನು ಸಂಬಂಧ?

ಎರಡು ಥರದ ಸಂಬಂಧ ಇದೆ. ಮರಗಳೂ ಮಣ್ಣೂ ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದು ಒಂದು. ಭೂಮಿ ಬಿಸಿಯಾಗುತ್ತಿರುವುದರಿಂದ ಊರಿನ ಮೇಲೆ ಬೀಳುವ ಪೆಟ್ಟನ್ನು ಕಮ್ಮಿ ಮಾಡುತ್ತವೆ, ಅದು ಇನ್ನೊಂದು. ಸುಡುವ ಬಿಸಿಲು, ನಿದ್ದೆ ಬಾರದ ರಾತ್ರಿ, ಒಂದೆರಡು ಗಂಟೆಯಲ್ಲೇ ಸುರಿದು ಬೀದಿ ಮುಳುಗಿಸುವ ಮಳೆ, ಪಾತಾಳಕ್ಕಿಳಿದ ಅಂತರ್ಜಲ, ಇವೇ ಆ ಪೆಟ್ಟುಗಳು.

ಸಸಿ ನೆಡುವ ಸಮಾರಂಭಗಳಲ್ಲಿ ಮಾತೆಲ್ಲ ಮೊದಲನೆಯದರ ಸುತ್ತಲೇ. ಆದರೆ ಲೆಕ್ಕ ಹಾಕಿ ನೋಡಿದರೆ ಪಾರ್ಕಿನ ನಿಜವಾದ ಬೆಲೆ ಇರುವುದು ಎರಡನೆಯದರಲ್ಲಿ. ಯಾಕೆ ಅಂತ ಮುಂದೆ ನೋಡೋಣ.

ಸುತ್ತಲಿನ ಹಳ್ಳಿಗಿಂತ ನಗರ ಯಾಕೆ ಅಷ್ಟು ಬಿಸಿ?

ಡಾಂಬರು, ಕಾಂಕ್ರೀಟು, ಇಟ್ಟಿಗೆ ಹಗಲಿಡೀ ಬಿಸಿಲು ಕುಡಿಯುತ್ತವೆ. ಸಂಜೆಯಾದ ಮೇಲೆ ಆ ಬಿಸಿಯನ್ನು ನಿಧಾನವಾಗಿ ಬಿಡುತ್ತವೆ. ಒತ್ತೊತ್ತಾಗಿ ನಿಂತ ಕಟ್ಟಡಗಳ ನಡುವೆ ಗಾಳಿ ಆಡುವುದಿಲ್ಲ. ಬಿಸಿ ಆಕಾಶಕ್ಕೆ ಹೋಗಲು ದಾರಿಯೂ ಇಲ್ಲ. ಅದರ ಮೇಲೆ ವಾಹನಗಳ ಎಂಜಿನ್ನು, ಏಸಿಗಳು ಹೊರಗೆ ಊದುವ ಬಿಸಿಗಾಳಿ. ಇದನ್ನೇ ನಗರದ ಉಷ್ಣ ದ್ವೀಪ ಎನ್ನುವುದು.

ಇದೇನು ಹೊಸ ಸಂಗತಿಯಲ್ಲ. ಲ್ಯೂಕ್ ಹೋವರ್ಡ್ ಎಂಬಾತ ಲಂಡನ್ನಿನ ಉಷ್ಣಾಂಶವನ್ನು ಸುತ್ತಲಿನ ಹಳ್ಳಿಗಾಡಿನ ಜೊತೆ ಹೋಲಿಸಿ, ನಗರದ ರಾತ್ರಿಗಳು ಹೆಚ್ಚು ಬೆಚ್ಚಗಿರುತ್ತವೆ ಅಂತ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಬರೆದಿದ್ದ. ಮೋಡಗಳಿಗೆ ಕ್ಯುಮುಲಸ್, ಸ್ಟ್ರೇಟಸ್ ಅಂತ ಹೆಸರಿಟ್ಟವನೂ ಇವನೇ.

ರಾತ್ರಿಯ ಮಾತು ಮುಖ್ಯ. ಹಗಲಿನ ಬಿಸಿಯಿಂದ ದಣಿದ ದೇಹ ಸುಧಾರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ತಂಪು ಸಿಗದಿದ್ದರೆ ವಯಸ್ಸಾದವರು, ಹೃದಯದ ಕಾಯಿಲೆ ಇರುವವರು ಮೊದಲು ಬಳಲುತ್ತಾರೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಗಾಳಿಗೆ ಸುಮಾರು 70,000 ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ವೃದ್ಧರು.

ಮರ ತಂಪು ಮಾಡುವುದು ನೆರಳಿನಿಂದ ತಾನೇ?

ನೆರಳು ಅರ್ಧ ಕತೆ. ಅದೇನೂ ಸಣ್ಣ ಅರ್ಧ ಅಲ್ಲ. ಸುಡು ಮಧ್ಯಾಹ್ನದಲ್ಲಿ ನೆರಳಿಲ್ಲದ ರಸ್ತೆ, ಗೋಡೆಗಳ ಮೈಗಿಂತ ನೆರಳಿನಲ್ಲಿರುವ ಮೈ 11ರಿಂದ 25 ಡಿಗ್ರಿಯಷ್ಟು ತಂಪಾಗಿರಬಹುದು. ಇದು ನೆಲದ, ಗೋಡೆಯ ಉಷ್ಣಾಂಶ, ಗಾಳಿಯದಲ್ಲ. ಆದರೆ ನಮಗೆ ಸೆಕೆಯಾಗುವುದು ಗಾಳಿಯೊಂದರಿಂದಲೇ ಅಲ್ಲವಲ್ಲ. ಕಾದ ಗೋಡೆಯ ಪಕ್ಕ ನಡೆಯುವಾಗ ಅದರ ಝಳ ಮುಖಕ್ಕೆ ಹೊಡೆಯುತ್ತದೆ. ಅದನ್ನೇ ನೆರಳು ತಡೆಯುತ್ತದೆ. ಹಾಗಾಗಿ ಥರ್ಮಾಮೀಟರ್ ಎರಡು ಡಿಗ್ರಿ ವ್ಯತ್ಯಾಸ ತೋರಿಸಿದರೂ ಮೈಗೆ ಇನ್ನೂ ಜಾಸ್ತಿ ಹಾಯೆನಿಸುತ್ತದೆ.

ಇನ್ನರ್ಧ ಕತೆ ಎಲೆಗಳದ್ದು. ಬೇರು ನೀರನ್ನು ಹೀರುತ್ತದೆ. ಎಲೆಯ ಅಡಿಭಾಗದಲ್ಲಿ ಹೆಚ್ಚಾಗಿರುವ ಸಣ್ಣ ಸಣ್ಣ ರಂಧ್ರಗಳ ಮೂಲಕ ಆ ನೀರು ಆವಿಯಾಗಿ ಹೋಗುತ್ತದೆ. ಬೆವರು ಆರಿದಾಗ ಮೈ ತಂಪಾಗುತ್ತದಲ್ಲ, ಇಲ್ಲೂ ಅದೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯುನಿಟ್ ಶಕ್ತಿ ಬೇಕು, ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯುನಿಟ್. ಬುಡದಲ್ಲಿ ನೀರಿರುವ ಒಂದು ದೊಡ್ಡ ಮರ ಬೇಸಿಗೆಯ ದಿನದಲ್ಲಿ 100 ಲೀಟರ್ ಹೊರಬಿಟ್ಟರೆ, ಸುತ್ತಲಿಂದ 68 ಯುನಿಟ್‌ನಷ್ಟು ಬಿಸಿಯನ್ನು ಅದು ಹೀರಿಕೊಂಡಂತಾಯಿತು. ಒಂದೂವರೆ ಟನ್ನಿನ ಏಸಿ ಹನ್ನೆರಡು ಹದಿಮೂರು ಗಂಟೆ ಬಿಡದೆ ಓಡಿದರೆ ಕೋಣೆಯಿಂದ ತೆಗೆದುಹಾಕುವುದು ಹೆಚ್ಚೂಕಮ್ಮಿ ಅಷ್ಟೇ ಬಿಸಿ. ಏಸಿ ಅದನ್ನು ಒಯ್ದು ಬೀದಿಗೆ ಸುರಿಯುತ್ತದೆ. ಮರದ ವಿಷಯದಲ್ಲಿ ಅದು ಆವಿಯ ಜೊತೆ ಮೇಲೆ ಹೋಗುತ್ತದೆ.

ಒಂದು ಷರತ್ತು ಇದೆ. ಮಣ್ಣು ಒಣಗಿದರೆ ಮರ ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಮೇಲೆ ಉಳಿಯುವುದು ನೆರಳು ಮಾತ್ರ. ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ ಇರುವ ಕರಾವಳಿಯಂಥ ಕಡೆಯೂ ಆವಿಯ ಕೆಲಸ ಮಂದ. ಅಲ್ಲಿ ನೆರಳು, ಗಾಳಿ ಎರಡನ್ನೇ ನೆಚ್ಚಿಕೊಳ್ಳಬೇಕು.

ಒಟ್ಟಿನಲ್ಲಿ ಎಷ್ಟು ಡಿಗ್ರಿ ಇಳಿಯುತ್ತದೆ?

ಸುಮ್ನೆ ಹತ್ತು ಡಿಗ್ರಿ ಇಳಿಯುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಅವರು ಬಹುಶಃ ರಸ್ತೆಯ ಮೈಯ ಉಷ್ಣಾಂಶವನ್ನು ಗಾಳಿಯ ಉಷ್ಣಾಂಶ ಅಂತ ಹೇಳುತ್ತಿರುತ್ತಾರೆ. ಉಪಗ್ರಹದ ಕೆಂಪು ನೀಲಿ ಚಿತ್ರಗಳಲ್ಲಿ ಕಾಣುವುದೂ ಮೈಯ ಬಿಸಿಯೇ.

ಹಲವು ನಗರಗಳ ಅಳತೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಹಗಲಿನಲ್ಲಿ ಪಾರ್ಕಿನ ಗಾಳಿ ಸುತ್ತಲಿನ ಊರಿಗಿಂತ ಸರಾಸರಿ 0.94 ಡಿಗ್ರಿ ಸೆಲ್ಸಿಯಸ್ ತಂಪು. ಇದು ಸರಾಸರಿ. ಜಾಗ ಚೆನ್ನಾಗಿದ್ದರೆ ಇನ್ನೂ ಜಾಸ್ತಿ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಒಂದು ಮೇಲುರಸ್ತೆಯನ್ನೇ ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚಾಂಗ್ಯೆಚಾನ್ ತೊರೆಯನ್ನು 2005ರಲ್ಲಿ ಮತ್ತೆ ತೆರೆದರು. ಉದ್ದ ಆರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅದರ ದಂಡೆಯಲ್ಲಿ ಅಳೆದಾಗ ಕೆಲವು ಬೀದಿ ಆಚೆಯ ಸಮಾನಾಂತರ ರಸ್ತೆಗಿಂತ 3.3ರಿಂದ 5.9 ಡಿಗ್ರಿ ತಂಪಿತ್ತು. ಕೊಲಂಬಿಯಾದ ಮೆಡೆಯಿನ್ ನಗರ 2016ರಿಂದ ರಸ್ತೆ ಬದಿ, ತೊರೆ ಬದಿಗಳಲ್ಲಿ 30 ಹಸಿರು ಕಾರಿಡಾರ್‌ಗಳನ್ನು ಬೆಳೆಸಿತು. ಆ ಜಾಗಗಳಲ್ಲಿ ಸುಮಾರು 2 ಡಿಗ್ರಿ ಇಳಿದಿದೆ ಅನ್ನುವುದು ಅಲ್ಲಿನ ನಗರಾಡಳಿತದ ಲೆಕ್ಕ.

ಒಂದೆರಡು ಡಿಗ್ರಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಯುರೋಪಿನ 93 ನಗರಗಳನ್ನು ನೋಡಿತು. ಅಲ್ಲಿ ಮರಗಳ ಹೊದಿಕೆ ಸರಾಸರಿ ಶೇ. 15ರ ಆಸುಪಾಸು. ಅದನ್ನು ಶೇ. 30ಕ್ಕೆ ಏರಿಸಿದರೆ ಬೇಸಿಗೆಯ ಉಷ್ಣಾಂಶ ಸರಾಸರಿ 0.4 ಡಿಗ್ರಿ ಇಳಿಯುತ್ತದೆ, ಅಷ್ಟೇ. ಆದರೆ ಅಷ್ಟರಿಂದಲೇ ಉಷ್ಣ ದ್ವೀಪದಿಂದ ಆಗುವ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ತಪ್ಪಬಹುದಿತ್ತು ಅಂತ ಆ ಲೆಕ್ಕ ಹೇಳುತ್ತದೆ. ಅಂಚಿನಲ್ಲಿರುವ ಜೀವಗಳಿಗೆ ಅರ್ಧ ಡಿಗ್ರಿಯೂ ದೊಡ್ಡದೇ.

ಪಾರ್ಕಿನ ತಂಪು ಗೇಟಿನಾಚೆ ಬರುತ್ತದಾ?

ಬರುತ್ತದೆ, ಆದರೆ ಜಾಸ್ತಿ ದೂರ ಬರುವುದಿಲ್ಲ. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್ ನೂರು ಹೆಕ್ಟೇರಿಗೂ ದೊಡ್ಡದು. ಬೇಸಿಗೆಯ ರಾತ್ರಿಗಳಲ್ಲಿ ಅದರ ತಂಪು 20ರಿಂದ 440 ಮೀಟರ್ ದೂರದವರೆಗೆ ಸಿಕ್ಕಿತು. ಅಂಥ ದೊಡ್ಡ ಪಾರ್ಕಿನದ್ದೇ ಇಷ್ಟು ಅಂದಮೇಲೆ, ಊರಿನ ಒಂದು ತುದಿಯಲ್ಲಿ ಭರ್ಜರಿ ಉದ್ಯಾನ ಮಾಡಿ ಇನ್ನೊಂದು ತುದಿಯವರನ್ನು ತಂಪು ಮಾಡಲು ಆಗುವುದಿಲ್ಲ.

ಹಾಗಾದರೆ ಒಂದು ದೊಡ್ಡ ಪಾರ್ಕಿಗಿಂತ ಹತ್ತು ಸಣ್ಣವು ಒಳ್ಳೆಯದಾ?

ಎರಡೂ ಬೇಕು, ಕೆಲಸ ಬೇರೆ ಬೇರೆ. ತೀರಾ ಸಣ್ಣ ಪಾರ್ಕಿನೊಳಗೆ ಸುತ್ತಲಿನ ಬಿಸಿಗಾಳಿ ನುಗ್ಗಿಬಿಡುತ್ತದೆ, ಅದು ಆಚೆಗೆ ತಂಪು ಕೊಡುವುದು ಕಷ್ಟ. ದೊಡ್ಡದಕ್ಕೆ ತನ್ನದೇ ಗಾಳಿಯನ್ನು ತಣ್ಣಗೆ ಉಳಿಸಿಕೊಳ್ಳುವ ಶಕ್ತಿ ಇದೆ. ಪಕ್ಷಿ, ಕೀಟಗಳೂ ಅಲ್ಲೇ ಉಳಿಯುವುದು. ಸಣ್ಣವು ಮನೆ ಹತ್ತಿರ ಇರುತ್ತವೆ, ಕೋಲೂರಿಕೊಂಡು ನಡೆಯುವ ಅಜ್ಜನೂ ತಲುಪಬಹುದು.

ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ 3-30-300 ಅಂತ ಒಂದು ಅಳತೆಗೋಲು ಕೊಟ್ಟರು. ಪ್ರತಿ ಮನೆಯ ಕಿಟಕಿಯಿಂದ ಕನಿಷ್ಠ 3 ಮರ ಕಾಣಬೇಕು, ಬಡಾವಣೆಯ ಶೇ. 30 ಭಾಗಕ್ಕೆ ಮರಗಳ ಹೊದಿಕೆ ಇರಬೇಕು, ಪಾರ್ಕು 300 ಮೀಟರಿನೊಳಗೆ ಸಿಗಬೇಕು. ಇದರಲ್ಲಿ ನನಗೆ ಇಷ್ಟವಾಗುವುದು ಒಂದು. ಊರಿಗೆಲ್ಲ ಸೇರಿಸಿ ಇಷ್ಟು ಲಕ್ಷ ಮರ ಅಂತ ತೋರಿಸಿ ಜಾರಿಕೊಳ್ಳಲು ಇಲ್ಲಿ ಅವಕಾಶ ಇಲ್ಲ. ನಿಮ್ಮ ಕಿಟಕಿಯಿಂದ ಕಾಣುತ್ತಾ ಇಲ್ವಾ, ನೀವೇ ನೋಡಿ ಹೇಳಬಹುದು.

ಒಂದು ಮರ ಎಷ್ಟು ಇಂಗಾಲ ಹಿಡಿದಿಡುತ್ತದೆ?

ಕೈಬೆರಳಲ್ಲೇ ಲೆಕ್ಕ ಹಾಕಬಹುದು. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಮರ ನಲವತ್ತು ವರ್ಷದಲ್ಲಿ 500 ಕಿಲೋ ಒಣತೂಕ ಬೆಳೆಯಿತು ಅಂತ ಇಟ್ಟುಕೊಳ್ಳಿ. ಅದರಲ್ಲಿ 250 ಕಿಲೋ ಇಂಗಾಲ. ಒಂದು ಕಿಲೋ ಇಂಗಾಲ ಅಂದರೆ 3.67 ಕಿಲೋ ಇಂಗಾಲದ ಡೈಆಕ್ಸೈಡ್. ಒಟ್ಟು ಸುಮಾರು 917 ಕಿಲೋ ಆಯಿತು. ವರ್ಷಕ್ಕೆ ಹಂಚಿದರೆ 23 ಕಿಲೋ.

ಈಗ ಇನ್ನೊಂದು ಕಡೆ ನೋಡಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಮರದ ಒಂದು ವರ್ಷದ ದುಡಿಮೆ ಹತ್ತು ಲೀಟರ್ ಪೆಟ್ರೋಲಿಗೆ ಸಮ. ಎಷ್ಟೋ ಕಾರುಗಳ ಟ್ಯಾಂಕಿನ ಕಾಲುಭಾಗ, ಅಷ್ಟೇ.

ಹಾಗಾಗಿ ನಗರದ ಮರಗಳು ನಗರದ ಹೊಗೆಯನ್ನು ನುಂಗಿಬಿಡುತ್ತವೆ ಅನ್ನುವ ಮಾತು ನಿಲ್ಲುವುದಿಲ್ಲ. ಸಸಿ ನೆಟ್ಟಿದ್ದೇವೆ ಅಂತ ಹೇಳಿ ಇಂಧನ ಸುಡುವುದನ್ನು ಮುಂದುವರಿಸುವವರಿಗೆ ಈ ಲೆಕ್ಕವನ್ನು ಒಮ್ಮೆ ತೋರಿಸಬೇಕು. ಪಾರ್ಕು ಇಂಗಾಲ ಉಳಿಸುವ ದಾರಿಗಳು ಬೇರೆಯೂ ಇವೆ. ನೆರಳಿರುವ ಮನೆಯಲ್ಲಿ ಏಸಿ ಕಮ್ಮಿ ಓಡುತ್ತದೆ. ನೆರಳಿರುವ ದಾರಿಯಲ್ಲಿ ಜನ ಗಾಡಿ ಬಿಟ್ಟು ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಇವನ್ನು ಅಳೆಯುವುದು ಕಷ್ಟ, ಆದರೆ ಇವು ನಿಜ.

ಚೆಂದದ ಹುಲ್ಲುಹಾಸು ಇದ್ದರೆ ಸಾಲದಾ?

ಹವಾಮಾನದ ದೃಷ್ಟಿಯಿಂದ ಹೇಳುವುದಾದರೆ, ಸಾಲದು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನಡೆದ ಅಧ್ಯಯನವೊಂದರಲ್ಲಿ, ನೆಲದ ಮೇಲಿನ ಸಸ್ಯಗಳಲ್ಲಿರುವ ಇಂಗಾಲದ ಶೇ. 97ರಷ್ಟು ಇದ್ದದ್ದು ಮರಗಳಲ್ಲಿ. ಹುಲ್ಲು, ಹೂಗಿಡಗಳ ಪಾಲು ಚಿಲ್ಲರೆ.

ಅದರ ಮೇಲೆ ಹುಲ್ಲುಹಾಸಿನ ಖರ್ಚು ನೋಡಿ. ವಾರ ವಾರ ಪೆಟ್ರೋಲ್ ಯಂತ್ರದಲ್ಲಿ ಕತ್ತರಿಸಬೇಕು. ದಿನಾ ನೀರು. ಹಸಿರಾಗಿರಲು ಸಾರಜನಕ ಗೊಬ್ಬರ. ಆ ಗೊಬ್ಬರದ ಒಂದಷ್ಟು ಭಾಗ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಆಗಿ ಮೇಲೇಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಮಾಡುವ ಅನಿಲ. ಕೆಲವು ಅಲಂಕಾರಿಕ ಹುಲ್ಲುಹಾಸುಗಳು ಹಿಡಿದಿಡುವುದಕ್ಕಿಂತ ಹೊರಬಿಡುವುದೇ ಜಾಸ್ತಿ.

ಹುಲ್ಲು ಬೇಡವೇ ಬೇಡ ಅಂತಲ್ಲ. ಮಕ್ಕಳಿಗೆ ಆಡಲು ಬಯಲು ಬೇಕು. ತೆರೆದ ಹುಲ್ಲುಬಯಲು ಸೂರ್ಯ ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತದೆ, ದಟ್ಟ ಮರದಡಿ ಮಾತ್ರ ರಾತ್ರಿ ಸ್ವಲ್ಪ ಬಿಸಿ ಉಳಿದುಕೊಳ್ಳುತ್ತದೆ. ಆದ್ದರಿಂದ ಹಗಲಿಗೆ ಮರ, ರಾತ್ರಿಗೆ ಬಯಲು. ಜರ್ಮನಿಯ ಸ್ಟುಟ್‌ಗಾರ್ಟ್ ಬಟ್ಟಲಿನಂಥ ಕಣಿವೆಯಲ್ಲಿರುವ ಊರು, ಗಾಳಿ ಕಮ್ಮಿ. ಸುತ್ತಲಿನ ಗುಡ್ಡಗಳಿಂದ ರಾತ್ರಿ ಇಳಿದುಬರುವ ತಂಪು ಗಾಳಿಗೆ ಅಡ್ಡ ಬರದ ಹಾಗೆ ಅವರು ಎಷ್ಟೋ ದಶಕಗಳಿಂದ ಹಸಿರು ಪಟ್ಟಿಗಳನ್ನು ಕಟ್ಟಡ ಕಟ್ಟದೆ ಉಳಿಸಿಕೊಂಡಿದ್ದಾರೆ.

ಜೋರು ಮಳೆ ಬಂದಾಗ ಪಾರ್ಕು ಏನು ಮಾಡಬಲ್ಲದು?

ಬಹಳ ಮಾಡಬಲ್ಲದು. ಜನ ಇದನ್ನು ಗಮನಿಸುವುದೇ ಕಮ್ಮಿ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಿಡಿದಿದ್ದನ್ನು ಒಂದಲ್ಲ ಒಂದು ದಿನ ಸುರಿಯಲೇಬೇಕಲ್ಲ. ಹಾಗಾಗಿ ಜೋರು ಮಳೆಗಳು ಇನ್ನೂ ಜೋರಾಗುತ್ತಿವೆ. ಊರಿನ ಚರಂಡಿಗಳೋ ಹಳೇ ಕಾಲದ ಮಳೆಯ ಅಳತೆಗೆ ಕಟ್ಟಿದವು.

ಒಂದು ಹೆಕ್ಟೇರ್ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು 5 ಲಕ್ಷ ಲೀಟರ್ ನೀರು. ಮರಗಿಡ ಇರುವ ಸಹಜ ನೆಲದಲ್ಲಿ ಮೇಲೆ ಹರಿದುಹೋಗುವುದು ಹೆಚ್ಚೂಕಮ್ಮಿ ಹತ್ತನೇ ಒಂದು ಪಾಲು. ಪೂರ್ತಿ ಕಾಂಕ್ರೀಟು ಮುಚ್ಚಿದ ಬಡಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ. ಮೊದಲ ಹನಿಗಳನ್ನು ಎಲೆಗಳೇ ಹಿಡಿಯುತ್ತವೆ, ಕೊಂಬೆ ಕಾಂಡಗಳ ಮೇಲೆ ಒಂದಷ್ಟು ನಿಧಾನವಾಗಿ ಇಳಿಯುತ್ತದೆ, ಉಳಿದದ್ದು ಬೇರು ಕೊರೆದ ದಾರಿಗಳಲ್ಲಿ ಇಂಗುತ್ತದೆ. ನೀರು ಚರಂಡಿಗೆ ಹೋದರೂ ತಡವಾಗಿ ಹೋಗುತ್ತದೆ. ನೆರೆ ತಪ್ಪಿಸಲು ಆ ತಡವೇ ಬೇಕಾದದ್ದು.

ಇದನ್ನು ಬೇಕೆಂದೇ ವಿನ್ಯಾಸ ಮಾಡಿದ ಊರುಗಳಿವೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಮೂರು ಗಂಟೆಯೊಳಗೆ ಸುಮಾರು 150 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿತು. ಮರುವರ್ಷವೇ ಜಡಿಮಳೆಗೆಂದೇ ಒಂದು ಯೋಜನೆ ಮಾಡಿದರು. ಅದರಡಿ ಎಂಘವೆಪಾರ್ಕನ್ ಅನ್ನುವ ಹಳೇ ಪಾರ್ಕನ್ನು ತಿದ್ದಿ 2019ರಲ್ಲಿ ತೆರೆದರು. ನೋಡಲು ಮಾಮೂಲಿ ಪಾರ್ಕು. ಹಾಕಿ ಅಂಗಳ ಮಾತ್ರ ನೆಲಮಟ್ಟಕ್ಕಿಂತ ಕೆಳಗಿದೆ, ಅಂಚಿನ ಮೆಟ್ಟಿಲುಗಳ ಮೇಲೆ ಜನ ಕೂತು ಆಟ ನೋಡುತ್ತಾರೆ. ವಿಪರೀತ ಮಳೆ ಬಂದರೆ ಅದೇ ಅಂಗಳ ಕೊಳವಾಗುತ್ತದೆ. ಅದೂ ತುಂಬಿದರೆ ಸುತ್ತಲಿನ ಗಿಡ್ಡ ಗೋಡೆ ನೀರನ್ನು ಪಾರ್ಕಿನೊಳಗೇ ತಡೆಯುತ್ತದೆ. ಎಲ್ಲ ಸೇರಿ 2 ಕೋಟಿ ಲೀಟರಿಗೂ ಜಾಸ್ತಿ ಹಿಡಿಯುತ್ತದೆ.

ಸಿಂಗಾಪುರದ ಬಿಶಾನ್-ಆಂಗ್ ಮೊ ಕಿಯೊ ಪಾರ್ಕಿನಲ್ಲಿ 2.7 ಕಿಲೋಮೀಟರಿನ ನೆಟ್ಟಗಿನ ಕಾಂಕ್ರೀಟ್ ಕಾಲುವೆಯನ್ನು ಒಡೆದು 3.2 ಕಿಲೋಮೀಟರಿನ ಬಳುಕುವ ಹೊಳೆ ಮಾಡಿದರು. 2012ರಲ್ಲಿ ಕೆಲಸ ಮುಗಿಯಿತು. ಮಳೆ ಇಲ್ಲದ ದಿನ ಮಕ್ಕಳು ನೀರಿಗೆ ಇಳಿಯುತ್ತಾರೆ. ಮಳೆ ಬಂದಾಗ ಹೊಳೆ ದಂಡೆಯ ಹುಲ್ಲಿನ ಮೇಲೆ ಹರಡಿಕೊಳ್ಳುತ್ತದೆ, ಅದಕ್ಕೂ ಮೊದಲು ಸೈರನ್ ಕೂಗಿ ಜನರನ್ನು ಎಚ್ಚರಿಸುತ್ತದೆ. ಬ್ಯಾಂಕಾಕಿನಲ್ಲಿ 2017ರಲ್ಲಿ ತೆರೆದ ಚುಲಾಲಂಕಾರ್ನ್ ಶತಮಾನೋತ್ಸವ ಪಾರ್ಕನ್ನು ಪೂರ್ತಿಯಾಗಿ 3 ಡಿಗ್ರಿ ಓರೆಯಾಗಿ ಕಟ್ಟಿದ್ದಾರೆ. ಮೇಲಿನ ತುದಿಯಲ್ಲಿ ಹಸಿರು ಚಾವಣಿ, ಕೆಳಗಿನ ತುದಿಯಲ್ಲಿ ಕೊಳ. ಸುಮಾರು 38 ಲಕ್ಷ ಲೀಟರ್ ನೀರು ಹಿಡಿಯುತ್ತದೆ.

ಎಲ್ಲ ಪಾರ್ಕೂ ಹೀಗೆ ನೀರು ಕುಡಿಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಸಾವಿರಾರು ಕಾಲು ತುಳಿದು, ಲಾರಿ ಓಡಿ ಗಟ್ಟಿಯಾದ ಮಣ್ಣು ಡಾಂಬರಿಗಿಂತ ಸ್ವಲ್ಪ ಮೇಲು ಅಷ್ಟೇ. ಸುತ್ತಲಿನ ರಸ್ತೆಗಿಂತ ಪಾರ್ಕು ಎತ್ತರದಲ್ಲಿದ್ದರೆ ಬೀದಿ ನೀರು ಒಳಗೆ ಬರುವುದೇ ಇಲ್ಲ. ಹೊಸ ಪಾರ್ಕು ಮಾಡುವಾಗ ಮಣ್ಣು ತುಂಬಿ ಎತ್ತರಿಸುವ ಚಟ ಇದೆಯಲ್ಲ, ಅದು ಮೊದಲು ನಿಲ್ಲಬೇಕು.

ನೀರಿಲ್ಲದ ಕಾಲದಲ್ಲಿ ಪಾರ್ಕಿಗೆ ನೀರು ಹಾಕುವುದು ದಂಡ ಅಲ್ವಾ?

ಕುಡಿಯುವ ನೀರನ್ನು ಹಾಕಿದರೆ ದಂಡವೇ. ಶುದ್ಧೀಕರಿಸಿದ ಕೊಳಚೆ ನೀರು, ಹಿಡಿದಿಟ್ಟ ಮಳೆನೀರು ಇದಕ್ಕೆ ಸಾಕು. ಮೊದಲ ಎರಡು ಮೂರು ವರ್ಷ ನೀರು ಕೊಟ್ಟರೆ ಆ ನೆಲಕ್ಕೆ ಒಗ್ಗುವ ಮರಗಳು ಆಮೇಲೆ ತಾವೇ ಬೇರಿಳಿಸಿಕೊಳ್ಳುತ್ತವೆ. ಸದಾ ನೀರು ಕೇಳುವುದು ಹುಲ್ಲುಹಾಸು ಮತ್ತು ಪರದೇಶದ ಹೂಗಿಡ.

ಯಾವ ಮರ ನೆಟ್ಟರೆ ಒಳ್ಳೆಯದು?

ಒಂದೇ ಹೆಸರು ಹೇಳಿ ಅಂತ ಎಲ್ಲರೂ ಕೇಳುತ್ತಾರೆ. ಒಂದೇ ಜಾತಿ ನೆಡುವುದೇ ದೊಡ್ಡ ತಪ್ಪು. ಅಮೆರಿಕದ ಎಷ್ಟೋ ಊರುಗಳಲ್ಲಿ ಬೀದಿ ಬೀದಿಗೆ ಆ್ಯಶ್ ಮರ ನೆಟ್ಟಿದ್ದರು. 2002ರಲ್ಲಿ ಡೆಟ್ರಾಯಿಟ್ ಬಳಿ ಪಚ್ಚೆ ಬಣ್ಣದ ಒಂದು ಕೊರಕ ಹುಳ ಕಾಣಿಸಿಕೊಂಡಿತು. ಅದು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಮುಗಿಸಿದೆ. ಅಪ್ಪ ನೋಡಿದ ನೆರಳಿನ ಬೀದಿ ಮಗನ ಕಾಲಕ್ಕೆ ಬೋಳಾಯಿತು.

ಈ ಕಾರಣಕ್ಕೇ ಆಸ್ಟ್ರೇಲಿಯಾದ ಮೆಲ್ಬರ್ನ್ 2012ರ ತನ್ನ ನಗರ ಅರಣ್ಯ ಯೋಜನೆಯಲ್ಲಿ ಒಂದು ಮಿತಿ ಹಾಕಿಕೊಂಡಿತು. ಒಟ್ಟು ಮರಗಳಲ್ಲಿ ಒಂದೇ ಪ್ರಭೇದ ಶೇ. 5, ಒಂದೇ ಕುಲ ಶೇ. 10, ಒಂದೇ ಕುಟುಂಬ ಶೇ. 20 ಮೀರಬಾರದು. 2040ರೊಳಗೆ ಮರಗಳ ಹೊದಿಕೆಯನ್ನು ಶೇ. 22ರಿಂದ 40ಕ್ಕೆ ಏರಿಸುವ ಗುರಿಯೂ ಅದರಲ್ಲಿದೆ. ಅಲ್ಲಿ ಪ್ರತಿ ಮರಕ್ಕೂ ಒಂದೊಂದು ಇಮೇಲ್ ವಿಳಾಸ ಕೊಟ್ಟಿದ್ದರು. ಕೊಂಬೆ ಮುರಿದಿದೆ, ರೋಗ ಬಂದಿದೆ ಅಂತ ದೂರು ಕೊಡಲಿ ಅನ್ನುವುದು ಉದ್ದೇಶ. ಜನ ಮರಗಳಿಗೆ ಪ್ರೇಮಪತ್ರ ಬರೆದರು!

ಇನ್ನು ಆರಿಸುವಾಗ ನೋಡಬೇಕಾದದ್ದು: ಆ ನೆಲದ ಮರವಾ, ಅಗಲವಾಗಿ ಹರಡುತ್ತದಾ, ನಲವತ್ತು ವರ್ಷದ ಮೇಲೆ ಬರಲಿರುವ ಬಿಸಿಲನ್ನೂ ತಡೆದೀತಾ. ಇವತ್ತಿನ ಹವೆಗೆ ಸರಿಹೋದ ಮರ ಆ ಹೊತ್ತಿಗೆ ಒದ್ದಾಡಬಹುದು. ನೀಲಗಿರಿ, ಪಾಪ್ಲರ್, ಕೆಲವು ಓಕ್ ಮರಗಳು ಬಿಸಿಲಿನಲ್ಲಿ ಐಸೊಪ್ರೀನ್ ಎಂಬ ಅನಿಲ ಬಿಡುತ್ತವೆ. ವಾಹನದ ಹೊಗೆ ಜೊತೆ ಸೇರಿದರೆ ಅದರಿಂದ ಉಸಿರಾಟಕ್ಕೆ ತೊಂದರೆ ಕೊಡುವ ನೆಲಮಟ್ಟದ ಓಝೋನ್ ಹುಟ್ಟುತ್ತದೆ. ಗಾಡಿ ದಟ್ಟವಾಗಿ ಓಡುವ ರಸ್ತೆಗೆ ಇವು ಬೇಡ.

ಮರ ಇದ್ದರೆ ಗಾಡಿ ಹೊಗೆ ಕಮ್ಮಿಯಾಗುತ್ತದಾ?

ಎಲೆಗಳ ಮೇಲೆ ಒಂದಷ್ಟು ಧೂಳು ಕೂರುತ್ತದೆ. ಆದರೆ ಎರಡೂ ಕಡೆ ಎತ್ತರದ ಕಟ್ಟಡ ಇರುವ ಇಕ್ಕಟ್ಟಿನ ರಸ್ತೆಯಲ್ಲಿ ಮರಗಳ ಮೇಲ್ಭಾಗ ಕೂಡಿಕೊಂಡರೆ ಹೊಗೆ ಕೆಳಗೇ ಸಿಕ್ಕಿಬೀಳಬಹುದು. ಅಂಥ ಕಡೆ ರಸ್ತೆಗೂ ಕಾಲುದಾರಿಗೂ ನಡುವೆ ದಟ್ಟ ಗಿಡಬೇಲಿ ಒಳ್ಳೆಯದು. ಹೊಗೆಗೆ ಮದ್ದು ಗಾಡಿ ಕಮ್ಮಿ ಮಾಡುವುದು.

ಮಿಯಾವಾಕಿ ಕಾಡು ಬೆಳೆಸಿದರೆ?

ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ತೋರಿಸಿದ ದಾರಿ. ಮಣ್ಣು ಚೆನ್ನಾಗಿ ಹದ ಮಾಡಿ, ಆ ಊರಿನದೇ ಬಗೆಬಗೆಯ ಗಿಡಗಳನ್ನು ಚದರ ಮೀಟರಿಗೆ ಮೂರು ನಾಲ್ಕರಂತೆ ಒತ್ತಾಗಿ ನೆಡುವುದು. ಬೆಳಕಿಗಾಗಿ ಪೈಪೋಟಿ ಬಿದ್ದು ಬೇಗ ಎತ್ತರಕ್ಕೆ ಹೋಗುತ್ತವೆ. ರಸ್ತೆ ಮೂಲೆ, ಕಾರ್ಖಾನೆ ಅಂಚು, ಶಾಲೆಯ ಹಿಂದಿನ ಖಾಲಿ ಜಾಗಕ್ಕೆ ಒಳ್ಳೆಯದು.

ಆದರೆ ಅದರೊಳಗೆ ಯಾರೂ ಕೂರಲು, ನಡೆಯಲು ಆಗುವುದಿಲ್ಲ. ಖರ್ಚೂ ಜಾಸ್ತಿ. ಹುಲ್ಲುಗಾವಲು, ಕೆರೆಯಂಗಳದಂಥ ಜಾಗಗಳಿಗೆ ಅವುಗಳದ್ದೇ ಜೀವಸಂಕುಲ ಇದೆ. ಅಲ್ಲಿ ಹೋಗಿ ಕಾಡು ತುರುಕುವುದು ಉಪಕಾರ ಅಲ್ಲ.

ತಾರಸಿ ತೋಟ, ಹಸಿರು ಗೋಡೆ ಪಾರ್ಕಿಗೆ ಬದಲಾಗುತ್ತವಾ?

ಬದಲಾಗುವುದಿಲ್ಲ. ತಾರಸಿಯ ಮೇಲೆ ಮಣ್ಣು ಗಿಡ ಇದ್ದರೆ ಕೆಳಗಿನ ಮನೆ ತಂಪಾಗಿರುತ್ತದೆ, ಮಳೆನೀರು ನಿಧಾನವಾಗಿ ಇಳಿಯುತ್ತದೆ. ಕೆನಡಾದ ಟೊರಾಂಟೊ 2009ರಲ್ಲೇ ದೊಡ್ಡ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಆದರೆ ಹತ್ತನೇ ಮಹಡಿಯ ಮೇಲಿನ ತೋಟದಿಂದ ಬೀದಿಯಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳು ಸಿಗುವುದಿಲ್ಲ. ಗೋಡೆಗೆ ಕುಂಡ ತೂಗಿಹಾಕಿ, ಪಂಪಿನಿಂದ ನೀರುಣಿಸುವ ಹಸಿರು ಗೋಡೆಗಳಂತೂ ಹೆಚ್ಚಿನ ಕಡೆ ಬರೀ ಅಲಂಕಾರ. ನೀರಿನ ಪೈಪು ಕೆಟ್ಟ ವಾರವೇ ಕಂದು ಬಣ್ಣಕ್ಕೆ ತಿರುಗುತ್ತವೆ. ನೆಲದಿಂದ ಹಬ್ಬುವ ಬಳ್ಳಿ ಅದಕ್ಕಿಂತ ಸಾವಿರ ಪಾಲು ಮೇಲು.

ಹಸಿರು ಯಾಕೆ ಯಾವಾಗಲೂ ಸಿರಿವಂತರ ಬಡಾವಣೆಯಲ್ಲೇ?

ಹಳೇ ಅನ್ಯಾಯದ ಗುರುತು ಅದು. ಅಮೆರಿಕದಲ್ಲಿ 1930ರ ದಶಕದಲ್ಲಿ ಕಪ್ಪು ಜನ ಹೆಚ್ಚಾಗಿದ್ದ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು, ಅಲ್ಲಿನವರಿಗೆ ಮನೆಸಾಲ ಸಿಗದ ಹಾಗೆ ಮಾಡಿದ್ದರು. ಹಣ ಹರಿಯಲಿಲ್ಲ, ಪಾರ್ಕು ಬರಲಿಲ್ಲ, ಮರ ನೆಡಲಿಲ್ಲ. 2020ರಲ್ಲಿ 108 ನಗರ ಪ್ರದೇಶಗಳನ್ನು ನೋಡಿದ ಅಧ್ಯಯನವೊಂದು, ಆ ಬಡಾವಣೆಗಳ ನೆಲ ಇವತ್ತಿಗೂ ಉಳಿದವಕ್ಕಿಂತ ಸರಾಸರಿ 2.6 ಡಿಗ್ರಿ ಹೆಚ್ಚು ಬಿಸಿ ಅಂತ ತೋರಿಸಿತು.

ಈಗ ಹೋಗಿ ಪಾರ್ಕು ಮಾಡಿದರೆ ಎಲ್ಲ ಸರಿಹೋಗುತ್ತದಾ? ಅಲ್ಲೂ ಒಂದು ತೊಡಕು. ನ್ಯೂಯಾರ್ಕಿನಲ್ಲಿ ಹಳೇ ರೈಲು ಸೇತುವೆಯ ಮೇಲೆ 2009ರಲ್ಲಿ ಹೈಲೈನ್ ಪಾರ್ಕು ತೆರೆದ ಮೇಲೆ ಸುತ್ತಲಿನ ಮನೆಗಳ ಬೆಲೆ ಗಗನಕ್ಕೇರಿತು. ಹೀಗಾದಾಗ ಪಾರ್ಕಿಗಾಗಿ ಕಾದಿದ್ದ ಬಾಡಿಗೆದಾರರೇ ಜಾಗ ಖಾಲಿ ಮಾಡಬೇಕಾಗುತ್ತದೆ. ಬಾಡಿಗೆ ನಿಯಂತ್ರಣ, ಕೈಗೆಟುಕುವ ಮನೆಗಳ ವ್ಯವಸ್ಥೆ ಪಾರ್ಕಿನ ಜೊತೆಗೇ ಬರಬೇಕು. ಒಂದೇ ಕಡೆ ಝಗಮಗಿಸುವ ಪಾರ್ಕಿಗಿಂತ ಎಲ್ಲ ಬೀದಿಗಳಲ್ಲೂ ಸಾಧಾರಣ ನೆರಳು ಇದ್ದರೆ ಈ ಅಪಾಯವೂ ಕಮ್ಮಿ.

ಒಂದು ಹಳೇ ಮರ ಕಡಿದು ಹತ್ತು ಸಸಿ ನೆಟ್ಟರೆ ಸರಿಹೋಗುತ್ತದಲ್ಲ?

ಇಲ್ಲ. ತಂಪು, ನೀರು ಎರಡೂ ಎಲೆಗಳ ಹರವಿನ ಮೇಲೆ ನಿಂತಿರುವುದು. ನೂರು ವರ್ಷದ ಮರದ ಎಲೆಯ ಹರವು ಹತ್ತು ಕಡ್ಡಿಸಸಿಗಳಲ್ಲಿ ಎಲ್ಲಿಂದ ಬರಬೇಕು? ಅವು ದೊಡ್ಡದಾಗಲು ಮೂರು ನಾಲ್ಕು ದಶಕ ಬೇಕು, ಬದುಕಿದರೆ. ಬಿಸಿ ಏರುತ್ತಿರುವುದು ಇದೇ ದಶಕಗಳಲ್ಲಿ. ಕಡಿದ ಮರವನ್ನು ಸುಟ್ಟರೆ ಅಥವಾ ಕೊಳೆಯಲು ಬಿಟ್ಟರೆ ಅದು ಇಷ್ಟು ವರ್ಷ ಕೂಡಿಟ್ಟ ಇಂಗಾಲವೂ ಗಾಳಿಗೆ ಹೋಗುತ್ತದೆ.

ಮರ ರೋಗ ಬಂದು ಬೀಳುವ ಹಾಗಿದ್ದರೆ ಕಡಿಯಲೇಬೇಕು, ಅದರಲ್ಲಿ ವಾದ ಇಲ್ಲ. ರಸ್ತೆ ಅಗಲ ಮಾಡಲು ಆರೋಗ್ಯದ ಮರ ಕಡಿದು, ಊರಾಚೆ ಇಪ್ಪತ್ತು ಕಿಲೋಮೀಟರ್ ದೂರ ಸಸಿ ನೆಟ್ಟು ಲೆಕ್ಕ ಚುಕ್ತಾ ಮಾಡುವುದು ಮಾತ್ರ ಒಪ್ಪುವ ಮಾತಲ್ಲ. ಆ ಬೀದಿಗಿದ್ದ ನೆರಳು ಹೋಯಿತೇ ಹೋಯಿತು.

ನೆಟ್ಟ ಸಸಿಗಳು ಯಾಕೆ ಬದುಕುವುದಿಲ್ಲ?

ನೆಡುವುದಕ್ಕೆ ಹಣ ಇರುತ್ತದೆ, ಫೋಟೋ ತೆಗೆಯುವವರೂ ಇರುತ್ತಾರೆ. ಮರುಬೇಸಿಗೆಗೆ ನೀರು ಹಾಕಲು ಯಾರೂ ಇರುವುದಿಲ್ಲ. ಸಿಯೆರಾ ಲಿಯೋನ್ ದೇಶದ ಫ್ರೀಟೌನ್ ಇದಕ್ಕೆ ಒಂದು ಉಪಾಯ ಹುಡುಕಿತು. 2017ರಲ್ಲಿ ಅಲ್ಲಿ ಕಾಡು ಬೋಳಾದ ಗುಡ್ಡ ಕುಸಿದು ಸಾವಿರದಷ್ಟು ಜನ ಸತ್ತಿದ್ದರು. 2020ರಲ್ಲಿ ಹತ್ತು ಲಕ್ಷ ಮರದ ಯೋಜನೆ ಶುರು ಮಾಡಿದಾಗ, ನೆಟ್ಟದ್ದಕ್ಕಷ್ಟೇ ಹಣ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಸ್ಥಳೀಯರು ಮತ್ತೆ ಮತ್ತೆ ಹೋಗಿ ಸಸಿ ನೋಡಿಕೊಂಡು, ಮೊಬೈಲ್ ಆ್ಯಪ್‌ನಲ್ಲಿ ಅದರ ಫೋಟೋ ದಾಖಲಿಸಿದ್ದಕ್ಕೂ ಸಂಬಳ ಇಟ್ಟರು.

ನಾನೊಬ್ಬ ಏನು ಮಾಡಬಹುದು?

ನಿಮ್ಮ ಬೀದಿಯ ಮರದ ಬುಡ ನೋಡಿ. ಕಾಲುದಾರಿಯ ಕಲ್ಲು, ಕಾಂಕ್ರೀಟು ಕಾಂಡಕ್ಕೆ ಅಂಟಿಕೊಂಡಿದ್ದರೆ ಬೇರಿಗೆ ನೀರೂ ಗಾಳಿಯೂ ಹೋಗುತ್ತಿಲ್ಲ. ಸುತ್ತ ಒಂದು ಮೀಟರ್ ಬಿಡಿಸಿ ಅಂತ ನಗರಾಡಳಿತಕ್ಕೆ ಅರ್ಜಿ ಕೊಡಿ, ಬಿಡಿಸುವವರೆಗೂ ಹಿಂದೆ ಬೀಳಿ. ಕಾಂಡಕ್ಕೆ ಬಿಗಿದ ತಂತಿ, ಹೊಡೆದ ಮೊಳೆ ತೆಗೆಸಿ. ಹೊಸ ಸಸಿ ಇದ್ದರೆ ಒಣಗಾಲದಲ್ಲಿ ದಿನಾ ಒಂದು ಲೋಟ ಹಾಕುವುದಕ್ಕಿಂತ ವಾರಕ್ಕೆ ಒಂದೆರಡು ಬಾರಿ ಬಕೆಟ್ ತುಂಬ ಹಾಕಿ. ನೀರು ಆಳಕ್ಕಿಳಿದರೆ ಬೇರೂ ಆಳಕ್ಕೆ ಹೋಗುತ್ತದೆ.

ಪಾರ್ಕಿನಲ್ಲಿ ತರಗೆಲೆ ಗುಡಿಸಿ ಸುಡುತ್ತಿದ್ದರೆ ನಿಲ್ಲಿಸಲು ಹೇಳಿ. ಎಲೆಯನ್ನು ಮರದ ಬುಡಕ್ಕೆ ಹರಡಿದರೆ ಮಣ್ಣಿನ ತೇವ ಆರುವುದಿಲ್ಲ, ಕೊಳೆತು ಗೊಬ್ಬರವಾಗುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ.